ಜೆಕ್ ಹಳ್ಳಿಯ ಪುಟ್ಟ ಸಭೆಯಲ್ಲಿ



ಪರವೂರಿಗೆ ಹೋಗಿ ನೆಲೆಸುವವರು ಮೊದಲು ಹುಡುಕುವುದು ಬಾಡಿಗೆ ಮನೆ, ಅಕ್ಕಿಬೇಳೆ ಸಿಗುವ ಅಂಗಡಿ, ಮಕ್ಕಳಿಗೊಂದು ಶಾಲೆ. ಇವಿಷ್ಟು ಸಿಕ್ಕ ಮೇಲೆ ಮನಸ್ಸು ಇನ್ನೊಂದನ್ನು ಕೇಳತೊಡಗುತ್ತದೆ. ವಾರಕ್ಕೊಮ್ಮೆಯಾದರೂ ಹೋಗಿ ಕೂತು, ನಾಲ್ಕು ಮುಖ ನೋಡಿ, ನಾಲ್ಕು ಮಾತಾಡಿ ಬರಲು ಒಂದು ಜಾಗ ಬೇಕೆನಿಸುತ್ತದೆ. ಒಬ್ಬರಿಗೆ ಅದು ದೇವಸ್ಥಾನದ ಭಜನೆ ಮಂಡಳಿ, ಇನ್ನೊಬ್ಬರಿಗೆ ಮಸೀದಿ, ಮತ್ತೊಬ್ಬರಿಗೆ ಕನ್ನಡ ಸಂಘ. ನಮ್ಮಂಥ ಕ್ರೈಸ್ತ ಕುಟುಂಬಗಳಿಗೆ ಭಾನುವಾರದ ಸಭೆ.

ಇವತ್ತು ನಾನು ಹೇಳಲಿರುವುದು ಅಂಥ ಒಂದು ಪುಟ್ಟ ಸಭೆಯ ವಿಚಾರ. ಅದು ಇರುವುದು ಯುರೋಪಿನ ನಡುಮಧ್ಯದ ಜೆಕ್ ಗಣರಾಜ್ಯದ ಒಂದು ಹಳ್ಳಿಯಲ್ಲಿ. ನಾನು ಸಿರುಗುಪ್ಪ, ಕುರುಗೋಡು ಕಡೆಯ ಶಾಲೆಗಳಲ್ಲಿ ಪಾಠ ಹೇಳಿ, ನಿವೃತ್ತಳಾಗಿ, ಬಳ್ಳಾರಿಯ ಪಾರ್ವತಿನಗರದಲ್ಲಿ ಇರುವವಳು. ಅಷ್ಟು ದೂರ ಹೋದದ್ದು ಮಗಳ ಸಂಸಾರ ನೋಡಿಬರುವ ನೆಪದಲ್ಲಿ.

ಮಗಳು ಅಳಿಯ ಇರುವುದು ಬ್ರನೋ ನಗರದಲ್ಲಿ. ಜೆಕ್ ದೇಶದಲ್ಲಿ ರಾಜಧಾನಿ ಪ್ರಾಗ್ ಬಿಟ್ಟರೆ ದೊಡ್ಡ ಊರು ಅದೇ. ಬ್ರನೋ ಎಂದರೆ ಎಲ್ಲಿಯದೋ ಊರು ಅಂದುಕೊಳ್ಳಬೇಡಿ. ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲರ ಹೆಸರನ್ನು ನಮ್ಮ ಹೈಸ್ಕೂಲು ಮಕ್ಕಳೆಲ್ಲ ಓದುತ್ತಾರಲ್ಲ, ಆ ಪ್ರಯೋಗ ನಡೆದದ್ದು ಬ್ರನೋದ ಮಠದ ತೋಟದಲ್ಲಿ; 1865ರಲ್ಲಿ ಮೆಂಡೆಲ್ ತಮ್ಮ ಪ್ರಬಂಧ ಓದಿದ್ದೂ ಅದೇ ಊರಿನಲ್ಲಿ. ಈಗ ಅದು ಕಂಪ್ಯೂಟರ್ ಕೆಲಸದ ಊರು. ಬೆಂಗಳೂರಿನ ಇನ್ಫೋಸಿಸ್‌ನ ಬಿಪಿಓ ಕಂಪನಿ 2004ರಲ್ಲೇ ಅಲ್ಲಿ ಕಚೇರಿ ತೆರೆಯಿತು. ಹಾಗಾಗಿ ಟ್ರಾಮ್ ನಿಲ್ದಾಣದಲ್ಲಿ ನಿಂತಾಗ ಹಿಂದಿನಿಂದ ಕನ್ನಡ ಮಾತು ಕೇಳಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಮಗಳ ಮನೆಯ ಎದುರು ಬಾಗಿಲಿನಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳಿದ್ದರು. ಅವರ ತವರು ಬೊಹೆಮಿಯಾ, ಮೊರಾವಿಯಾ ಸೀಮೆಗಳ ನಡುವಿನ ಎತ್ತರದ ಬಯಲು, ವಿಸೊಚಿನ. ಆಲೂಗಡ್ಡೆಗೆ ಹೆಸರಾದ ಚಳಿ ಪ್ರದೇಶ. ನಾವು ಕ್ರೈಸ್ತರೆಂದು ತಿಳಿದದ್ದೇ ತಡ, "ನಮ್ಮ ಹಳ್ಳಿಯಲ್ಲಿ ಸುಗ್ಗಿಯ ಆರಾಧನೆ ಇದೆ, ನೀವೂ ಬರಬೇಕು" ಎಂದರು. ಪಾದ್ರಿಯ ಮನೆಯಲ್ಲಿ ನೆಂಟರಿಗೆಂದು ಇರುವ ಕೋಣೆಯಲ್ಲಿ ಕೆಲವು ದಿನ ಉಳಿಯುವ ಏರ್ಪಾಡೂ ಆಯಿತು. ನಾನು, ನಮ್ಮ ಯಜಮಾನರು, ಮಗಳು, ಅಳಿಯ, ಜೊತೆಗೆ ಅಲ್ಲಿನ ಶಿಶುವಿಹಾರದಲ್ಲಿ ಜೆಕ್ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತಿದ್ದ ಮೊಮ್ಮಗಳು, ಇಷ್ಟು ಜನ ಹೊರಟೆವು. ನಮಗೆಲ್ಲ ದುಭಾಷಿ ಆ ಹುಡುಗಿಯೇ.

ಅಲ್ಲಿನ ಚರ್ಚನ್ನು ನಾನು ದೂರದಿಂದ ಗುರುತಿಸಲಿಲ್ಲ. ಗೋಪುರವಿಲ್ಲ, ಗಂಟೆಯಿಲ್ಲ, ಬಾಗಿಲು ಬೀದಿಯ ಕಡೆಗಿಲ್ಲ. ದೊಡ್ಡದೊಂದು ಉಗ್ರಾಣದಂತೆ ಕಾಣುವ ಕಟ್ಟಡ. ಇದಕ್ಕೆ ಕಾರಣ ಕೇಳಿದರೆ ಆ ದೇಶದ ಐದಾರು ನೂರು ವರ್ಷದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಸ್ವಲ್ಪದರಲ್ಲಿ ಹೇಳುತ್ತೇನೆ.

ಪ್ರಾಗ್ ನಗರದಲ್ಲಿ 1391ರಲ್ಲಿ ಬೆತ್ಲೆಹೆಮ್ ಎಂಬ ಪ್ರಾರ್ಥನಾಲಯ ಕಟ್ಟಿದರು. ಅಲ್ಲಿ ಉಪದೇಶ ಲ್ಯಾಟಿನ್‌ನಲ್ಲಲ್ಲ, ಜನರಾಡುವ ಜೆಕ್ ಭಾಷೆಯಲ್ಲಿ. ಅಲ್ಲಿ ಬೋಧಿಸುತ್ತಿದ್ದ ಯಾನ್ ಹುಸ್ ಎಂಬ ಪಾದ್ರಿ ಚರ್ಚಿನ ಅಧಿಕಾರ, ಹಣದಾಸೆಗಳನ್ನು ಟೀಕಿಸಿದ್ದಕ್ಕೆ 1415ರ ಜುಲೈ 6ರಂದು ಕಾನ್‌ಸ್ಟನ್ಸ್ ನಗರದಲ್ಲಿ ಅವರನ್ನು ಜೀವಂತ ಸುಟ್ಟರು. ಮಾರ್ಟಿನ್ ಲೂಥರ್ ಹುಟ್ಟುವುದಕ್ಕೂ 68 ವರ್ಷ ಹಿಂದಿನ ಮಾತಿದು. ಹುಸ್‌ರ ಅನುಯಾಯಿಗಳು ಕೇಳಿದ ಒಂದು ಮುಖ್ಯ ಹಕ್ಕು ಏನು ಗೊತ್ತೇ? ಕರ್ತನ ಭೋಜನದಲ್ಲಿ ರೊಟ್ಟಿಯ ಜೊತೆ ದ್ರಾಕ್ಷಾರಸದ ಬಟ್ಟಲೂ ಸಾಮಾನ್ಯ ಜನರ ಕೈಗೆ ಬರಬೇಕು ಎಂಬುದು. ಆಗ ಬಟ್ಟಲು ಪಾದ್ರಿಗಳಿಗೆ ಮಾತ್ರ ಮೀಸಲಾಗಿತ್ತು. ಅದಕ್ಕೇ ಆ ಚಳವಳಿಯ ಗುರುತೇ ಬಟ್ಟಲಾಯಿತು. ಇವತ್ತಿಗೂ ಅಲ್ಲಿನ ಪ್ರೊಟೆಸ್ಟೆಂಟ್ ಸಭೆಗಳ ಚಿಹ್ನೆಯಲ್ಲಿ ಬೈಬಲಿನ ಜೊತೆ ಆ ಬಟ್ಟಲಿರುತ್ತದೆ. ಜುಲೈ 6 ಅಲ್ಲಿ ಸರ್ಕಾರಿ ರಜೆ.

ಹುಸ್‌ರ ಹಾದಿಯಲ್ಲಿ ಬೆಳೆದದ್ದು 'ಸಹೋದರರ ಐಕ್ಯ' ಎಂಬ ಸಣ್ಣ ಪಂಗಡ. ಸಂಖ್ಯೆ ಸಣ್ಣದು, ಕೆಲಸ ದೊಡ್ಡದು. ಬ್ರನೋದಿಂದ ಹೆಚ್ಚು ದೂರವಲ್ಲದ ಕ್ರಾಲಿತ್ಸೆ ಎಂಬ ಹಳ್ಳಿಯ ಕೋಟೆಯೊಳಗೆ ಗುಟ್ಟಾಗಿ ಅಚ್ಚುಕೂಟ ನಡೆಸಿ, 1579ರಿಂದ 1594ರ ನಡುವೆ ಆರು ಸಂಪುಟಗಳಲ್ಲಿ ಜೆಕ್ ಬೈಬಲನ್ನು ಹೊರತಂದರು. ಜೆಕ್ ಗದ್ಯಕ್ಕೆ ಅದೇ ಮಾದರಿಯಾಯಿತೆಂದು ಅಲ್ಲಿಯ ವಿದ್ವಾಂಸರು ಹೇಳುತ್ತಾರೆ. ಆ ಪಂಗಡದ ಕೊನೆಯ ಬಿಷಪ್ಪರಲ್ಲೊಬ್ಬರು ಯಾನ್ ಆಮೋಸ್ ಕೊಮೆನ್‌ಸ್ಕಿ, ಹೊರಗಿನವರು ಕೊಮೇನಿಯಸ್ ಎನ್ನುವವರು. ಮೇಷ್ಟ್ರುಗಳಾದ ನಮಗೆ ಅವರ ಪರಿಚಯ ಬೇರೆ ದಾರಿಯಿಂದಲೇ ಆಗಿರುತ್ತದೆ. ಮಕ್ಕಳಿಗೆ ಚಿತ್ರ ತೋರಿಸಿ ಪಾಠ ಹೇಳಬೇಕೆಂದು 1658ರಲ್ಲೇ ಸಚಿತ್ರ ಪಠ್ಯಪುಸ್ತಕ ಪ್ರಕಟಿಸಿದವರು ಅವರು. ಬಿ.ಎಡ್. ಓದಿದವರೆಲ್ಲ ಅವರ ಹೆಸರನ್ನು ಉರುಹೊಡೆದಿರುತ್ತೇವೆ. ಜೆಕ್ ದೇಶದ 200 ಕೊರುನ ನೋಟಿನ ಮೇಲೆ ಅವರ ಚಿತ್ರವಿದೆ. ಅವರು ಹುಟ್ಟಿದ ಮಾರ್ಚ್ 28 ಅಲ್ಲಿ ಶಿಕ್ಷಕರ ದಿನ.

ಅಂಥವರೂ ತಮ್ಮ ನೆಲದಲ್ಲಿ ಉಳಿಯಲಾಗಲಿಲ್ಲ. 1620ರ ಬಿಳಿಬೆಟ್ಟದ ಯುದ್ಧದಲ್ಲಿ ಪ್ರೊಟೆಸ್ಟೆಂಟರು ಸೋತರು. ರಾಜನ ಧರ್ಮಕ್ಕೆ ಸೇರಿರಿ, ಇಲ್ಲವೇ ದೇಶ ಬಿಡಿರಿ ಎಂದಾಯಿತು. ಕೊಮೆನ್‌ಸ್ಕಿ ಪರದೇಶದಲ್ಲೇ ಅಲೆದು 1670ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಹಳ್ಳಿಗಾಡಿನವರು ಬೈಬಲುಗಳನ್ನು ಅಡಗಿಸಿಟ್ಟು ಗುಟ್ಟಾಗಿ ಓದುತ್ತಾ ನೂರೈವತ್ತು ವರ್ಷ ತಳ್ಳಿದರು. ಕೆಲವರು 1722ರಲ್ಲಿ ಗಡಿ ದಾಟಿ ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಊರು ಕಟ್ಟಿದರು. ಮೊರಾವಿಯನ್ನರೆಂದು ಹೆಸರಾದ ಅವರ ಪಂಗಡದವರು 1760ರಲ್ಲಿ ನಮ್ಮ ತಮಿಳು ಕರಾವಳಿಯ ತರಂಗಂಬಾಡಿಗೂ ಬಂದು ತೋಟ ಮಾಡಿಕೊಂಡಿದ್ದರು. ಆಮೇಲೆ ಲಡಾಖಿಗೂ ಹೋದರು. ಲೇಹ್ ಪಟ್ಟಣದಲ್ಲಿ ಅವರ ಸಭೆ ಇವತ್ತಿಗೂ ಇದೆ.

ಕೊನೆಗೆ 1781ರ ಅಕ್ಟೋಬರಿನಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಸಹಿಷ್ಣುತೆಯ ಆಜ್ಞೆ ಹೊರಡಿಸಿದ. ಪೂಜೆ ಮಾಡಿಕೊಳ್ಳಿ, ಆದರೆ ಕಟ್ಟಡಕ್ಕೆ ಗೋಪುರ ಬೇಡ, ಗಂಟೆ ಬೇಡ, ಬೀದಿಯ ಕಡೆಯಿಂದ ಬಾಗಿಲು ಬೇಡ ಎಂಬ ಷರತ್ತಿನ ಮೇಲೆ. ನಾವು ಕಂಡ ಚರ್ಚು ಉಗ್ರಾಣದಂತೆ ಇದ್ದದ್ದು ಈ ಕಾರಣಕ್ಕೆ. 1861ರಲ್ಲಿ ಸಮಾನ ಹಕ್ಕು ಬಂದ ಮೇಲೆ ಹಲವು ಊರುಗಳಲ್ಲಿ ಗೋಪುರ ಕಟ್ಟಿಕೊಂಡರು. ಈ ಹಳ್ಳಿಯವರು ಇದ್ದ ಹಾಗೆಯೇ ಬಿಟ್ಟಿದ್ದರು.

ಈಗ ಆ ಮೊದಲ ದಿನಕ್ಕೆ ಬರೋಣ. ನಮ್ಮ ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಸೆರಗು ಹೊದ್ದು, ಚಾಪೆಯ ಮೇಲೆ ಕೂತು ಆರಾಧನೆ ಮಾಡುವುದು ರೂಢಿ. ಅಲ್ಲಿ ನಾನು ಬಾಗಿಲಲ್ಲಿ ಬೂಟು ಬಿಚ್ಚಲು ಬಗ್ಗಿದ್ದನ್ನು ಕಂಡು ಒಬ್ಬ ಅಜ್ಜ ಓಡಿಬಂದು ತಡೆದರು. ಚರ್ಚಿನೊಳಗೆ ಎಲ್ಲರೂ ಬೂಟು ಹಾಕಿಕೊಂಡೇ ಹೋಗುತ್ತಾರೆ. ಆದರೆ ಆರಾಧನೆ ಮುಗಿದು ಅವರ ಮನೆಗೆ ಹೋದೆವು ನೋಡಿ, ಹೊಸ್ತಿಲಲ್ಲೇ ಬೂಟು ಬಿಚ್ಚಿಸಿ, ಗೋಡೆಯ ಪಕ್ಕ ಜೋಡಿಸಿಟ್ಟಿದ್ದ ಬಟ್ಟೆಯ ಮೆಟ್ಟುಗಳಲ್ಲಿ ಅಳತೆಗೆ ಸರಿಹೋಗುವುದನ್ನು ಕೊಟ್ಟರು. ನೆಂಟರಿಗೆಂದೇ ದೊಡ್ಡದು, ಸಣ್ಣದು, ಮಕ್ಕಳದ್ದು ಎಲ್ಲ ಅಳತೆಯವೂ ಇರುತ್ತವೆ. ಯುರೋಪಿನವರು ಮನೆಯೊಳಗೂ ಬೂಟುಗಾಲಲ್ಲೇ ಓಡಾಡುತ್ತಾರೆಂದು ನಂಬಿಕೊಂಡಿದ್ದ ನಮ್ಮ ಯಜಮಾನರಿಗೆ ಬಹಳ ಸಮಾಧಾನವಾಯಿತು.

ಒಳಗೆ ಮರದ ಬೆಂಚುಗಳು, ಬರೀ ಬಿಳಿಗೋಡೆ. ಚಿತ್ರವಿಲ್ಲ, ವಿಗ್ರಹವಿಲ್ಲ. ಮುಂದೆ ಒಂದು ಮೇಜು, ಅದರ ಮೇಲೆ ತೆರೆದಿಟ್ಟ ಬೈಬಲು. ಸುಗ್ಗಿಯ ಆರಾಧನೆಯಾದ್ದರಿಂದ ಮೇಜಿನ ಮುಂದೆ ಆಲೂಗಡ್ಡೆ, ಸೇಬು, ಕುಂಬಳಕಾಯಿ, ಈರುಳ್ಳಿ ಜಡೆ, ಒಂದು ದೊಡ್ಡ ರೊಟ್ಟಿ. ನಮ್ಮಲ್ಲಾದರೆ ಹೀಗೆ ತಂದಿಟ್ಟ ಭತ್ತ, ಜೋಳ, ಕೋಳಿ, ಕುಂಬಳಕಾಯಿಗಳನ್ನು ಆರಾಧನೆ ಮುಗಿದ ಮೇಲೆ ಹರಾಜು ಕೂಗುತ್ತೇವೆ. ಒಂದು ಕುಂಬಳಕಾಯಿಗೆ ಪೈಪೋಟಿಯ ಮೇಲೆ ಸಾವಿರ ರೂಪಾಯಿ ಬಂದದ್ದೂ ಉಂಟು. ಅಲ್ಲಿ ಹರಾಜಿನ ಗದ್ದಲವಿಲ್ಲ. ಕೂತ ಜನ ಹೆಚ್ಚೆಂದರೆ ಮೂವತ್ತು. ಅರ್ಧಕ್ಕೂ ಹೆಚ್ಚು ತಲೆ ನರೆತವು.

ಪಾದ್ರಿ ಹೆಂಗಸು. ಈ ಹಳ್ಳಿಯ ಸಭೆ ಸೇರಿರುವ ಪಂಗಡದಲ್ಲಿ ಹೆಂಗಸರಿಗೆ ದೀಕ್ಷೆ ಕೊಡಲು 1953ರಿಂದಲೇ ಅವಕಾಶವಿದೆ. ನಮ್ಮ ದಕ್ಷಿಣ ಭಾರತ ಸಭೆಯಲ್ಲೂ ಈಗ ಮಹಿಳಾ ಪಾದ್ರಿಗಳಿದ್ದಾರೆ; ಬಳ್ಳಾರಿಗೆ ಹತ್ತಿರದ ನಂದ್ಯಾಲಕ್ಕೆ 2013ರಲ್ಲಿ ಪುಷ್ಪಲಲಿತ ಅವರು ಬಿಷಪ್ಪರಾದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಆದರೂ ಪಾದ್ರಿಯ ಗಂಡ ಹಿಂದಿನ ಕೋಣೆಯಲ್ಲಿ ಕಾಫಿಗೆ ನೀರು ಕಾಯಿಸುವುದನ್ನು ನೋಡಿದ್ದು ನಾನು ಅಲ್ಲೇ ಮೊದಲು.

ಉಪದೇಶದ ಒಂದಕ್ಷರವೂ ನಮಗೆ ತಿಳಿಯಲಿಲ್ಲ. ಮೊಮ್ಮಗಳನ್ನು ಕೇಳಿದರೆ, "ಆಲೂಗಡ್ಡೆ ಬಗ್ಗೆ ಹೇಳ್ತಿದ್ದಾರೆ ಅಜ್ಜಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಆದರೆ ಗೋಡೆಯ ಮೇಲೆ ಹಾಡಿನ ಅಂಕಿ ತೂಗುಹಾಕುವ ಹಲಗೆ ಇತ್ತು, ನಮ್ಮ ಚರ್ಚುಗಳಲ್ಲಿ ಇರುವಂಥದ್ದೇ. ಅದರಲ್ಲಿ 134 ಎಂದಿತ್ತು. ಅವರ ಹಾಡಿನ ಪುಸ್ತಕದಲ್ಲಿ ಮೊದಲ 150 ಹಾಡುಗಳೂ ಬೈಬಲಿನ 150 ಕೀರ್ತನೆಗಳು. ಕೀರ್ತನೆಯ ಸಂಖ್ಯೆಯೇ ಹಾಡಿನ ಸಂಖ್ಯೆ. ಆರ್ಗನ್ ಶುರುವಾದದ್ದೇ ನಮ್ಮ ಯಜಮಾನರು ನನ್ನ ಮೊಣಕೈ ತಿವಿದರು. ನಮ್ಮ ಊರಿನಲ್ಲಿ ಕಾಣಿಕೆ ಎತ್ತಿದ ಮೇಲೆ ದೇವರ ಸ್ತುತಿಗೆ ಹಾಡುವ ರಾಗ ಅದು! ಇಂಗ್ಲಿಷರು 'ಓಲ್ಡ್ ಹಂಡ್ರೆಡ್ತ್' ಎಂದು ಕರೆಯುವ ಈ ರಾಗ ಹದಿನಾರನೆಯ ಶತಮಾನದ ಜಿನೀವಾದ್ದು, 134ನೆಯ ಕೀರ್ತನೆಗೆಂದೇ ಹೊಂದಿಸಿದ್ದು. ಜೆಕ್ ಜನ ಅದನ್ನು 1587ರಲ್ಲಿ ಯಿರ್‍ಝಿ ಸ್ಟ್ರೆಯ್ತ್ಸ್ ಎಂಬುವರು ಕೀರ್ತನೆಗಳನ್ನೆಲ್ಲ ತಮ್ಮ ಭಾಷೆಗೆ ತಂದಾಗಿನಿಂದ ಹಾಡುತ್ತಿದ್ದಾರೆ. ನಮಗೆ ಅದು ಇಂಗ್ಲಿಷ್ ಮಿಷನರಿಗಳ ಪೆಟ್ಟಿಗೆಯಲ್ಲಿ ಬಂತು. ನಾವು ಕನ್ನಡದಲ್ಲಿ ಗಟ್ಟಿಯಾಗಿಯೇ ಹಾಡಿದೆವು. ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು.

ಆಮೇಲೆ ಕರ್ತನ ಭೋಜನ. ನಮ್ಮಲ್ಲಿ ಕಟಕಟೆಯ ಮುಂದೆ ಮೊಣಕಾಲೂರಿ ತೆಗೆದುಕೊಳ್ಳುತ್ತೇವೆ. ಅವರು ಮೇಜಿನ ಸುತ್ತ ವೃತ್ತವಾಗಿ ನಿಲ್ಲುತ್ತಾರೆ. ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ, ಕೊನೆಯಲ್ಲಿ ಪಕ್ಕದವರ ಕೈಕುಲುಕುತ್ತಾರೆ. ನಮ್ಮಲ್ಲಿ ಸಮಾಧಾನದ ವಂದನೆ ಎಂದು ಒಬ್ಬರ ಕೈಯನ್ನು ಇನ್ನೊಬ್ಬರ ಎರಡು ಅಂಗೈಗಳ ನಡುವೆ ಇಟ್ಟು ಕೊಡುವುದಿಲ್ಲವೇ, ನನ್ನ ಪಕ್ಕದ ಅಜ್ಜನಿಗೆ ನಾನು ಹಾಗೆ ಮಾಡಿದೆ. ಅವರಿಗೆ ಅದು ಹೊಸದು. ಅವರು ತಮ್ಮ ಪಕ್ಕದವರಿಗೆ ಅದೇ ರೀತಿ ಮಾಡಿ ತೋರಿಸಿದರು.

ಪ್ರಕಟಣೆಯ ಹೊತ್ತಿನಲ್ಲಿ ನಮ್ಮ ಪರಿಚಯವಾಯಿತು. ಹಾರ, ಶಾಲು, ವೇದಿಕೆ ಏನೂ ಇಲ್ಲ. ಭಾರತದಿಂದ ಬಂದಿದ್ದಾರೆ, ಶನಿವಾರದವರೆಗೆ ಇಲ್ಲೇ ಇರುತ್ತಾರೆ, ಕಾಫಿಗೆ ಉಳಿಯುತ್ತಾರೆ, ಇಷ್ಟೇ. ಸ್ವಾಗತ ಸ್ವಲ್ಪ ಸಪ್ಪೆಯೇ ಆಯಿತೆಂದು ಅಳಿಯನಿಗೆ ಅನಿಸಿತು. ನಮ್ಮಲ್ಲಾದರೆ ಹೊರದೇಶದವರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಶಾಲು ಹೊದಿಸಿ, ಫೋಟೋ ತೆಗೆಸಿ, ಎರಡು ಮಾತು ಆಡಿಸದೆ ಬಿಡುವುದುಂಟೇ?

ಕಾಫಿಯ ಕೋಣೆಯಲ್ಲಿ ಕಥೆ ಬೇರೆಯಾಯಿತು. ಮೇಜಿನ ಮೇಲೆ ದುಂಡನೆಯ ಸಿಹಿರೊಟ್ಟಿಗಳು, ಒಳಗೆ ಗಸಗಸೆಯ ಹೂರಣ. ನಮ್ಮ ಗಸಗಸೆ ಬಿಳಿ, ಪಾಯಸಕ್ಕೆ ಹಿಡಿಯಷ್ಟು ಸಾಕು. ಅವರದು ನೀಲಿಗಪ್ಪು, ಸೇರುಗಟ್ಟಲೆ ಅರೆದು ಹಾಲು ಸಕ್ಕರೆ ಹಾಕಿ ಬೇಯಿಸಿ ತುಂಬುತ್ತಾರೆ. ನಾನು ಅದನ್ನೇ ದಿಟ್ಟಿಸಿ ನೋಡುತ್ತಿದ್ದುದನ್ನು ಕಂಡು ಒಬ್ಬಾಕೆ ನನ್ನನ್ನು ಅಡುಗೆಕೋಣೆಗೆ ಕರೆದೊಯ್ದು, ಮೇಜಿಗೆ ಸಿಕ್ಕಿಸಿದ್ದ ಕೈಯಂತ್ರದಲ್ಲಿ ಗಸಗಸೆ ಅರೆಯುವುದನ್ನು ತೋರಿಸಿದರು. ನನ್ನ ಕೈಗೂ ಕೊಟ್ಟರು. ಅಡುಗೆಕೋಣೆಯ ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸಿತ್ತು. ಯಾವ ವಾರ ಯಾರು ತಿಂಡಿ ತರಬೇಕು, ಯಾರು ಕಸ ಗುಡಿಸಬೇಕು, ಯಾರು ಒಲೆಗೆ ಸೌದೆ ಸಿದ್ಧಮಾಡಬೇಕು ಎಂಬ ಸರದಿ. ಒಂದು ಮನೆಯ ಹೆಸರಿನ ಮುಂದೆ ಗುರುವಾರದ ಬೈಬಲ್ ಓದಿನ ತಿಂಡಿ ಖಾಲಿ ಇತ್ತು. ಆ ಮನೆಯಾಕೆಗೆ ಕಾಲು ನೋವು. ಪಾದ್ರಿ ಪೆನ್ಸಿಲ್ ತೆಗೆದು ನಮ್ಮ ಮಗಳ ಹೆಸರನ್ನು ಕೇಳಿ ಅಲ್ಲಿ ಬರೆದೇಬಿಟ್ಟರು. ನಮ್ಮ ಯಜಮಾನರಿಗೆ ಸೌದೆ. ಬರುವ ಗುರುವಾರ ನೂರಮೂವತ್ತನಾಲ್ಕನೆಯ ಕೀರ್ತನೆಯನ್ನು ನಿಮ್ಮ ಭಾಷೆಯಲ್ಲಿ ಓದಬೇಕು ಎಂದು ನನಗೆ ಹೇಳಿದರು. ಅದು ಮೂರೇ ವಚನದ ಕೀರ್ತನೆ, ಭಯಪಡುವಂಥದ್ದೇನಿರಲಿಲ್ಲ.

ಅಂದಿನಿಂದ ನಾವು ಅಲ್ಲಿ ನೆಂಟರಾಗಿ ಉಳಿಯಲಿಲ್ಲ. ಗುರುವಾರ ಮಗಳು ಬ್ರನೋದಿಂದ ತಂದಿದ್ದ ರವೆಯಿಂದ ಕೇಸರಿಬಾತು ಮಾಡಿದಳು. ಯಜಮಾನರು ಕೊಟ್ಟಿಗೆಯಲ್ಲಿ ಸೌದೆ ಜೋಡಿಸುತ್ತ, ಒಂದು ಪದವೂ ಹಂಚಿಕೊಳ್ಳಲಾಗದ ಒಬ್ಬ ರೈತನ ಜೊತೆ ಗಂಟೆಗಟ್ಟಲೆ ಕಳೆದರು. ತಿರುಗಿಬಂದು ಆ ರೈತನಿಗೆ ಎಷ್ಟು ಹಸು, ಎಷ್ಟು ಮಕ್ಕಳು ಎಂದೆಲ್ಲ ನನಗೆ ಹೇಳಿದರು. ಬೆರಳು ಮಡಚಿ ತಿಳಿದುಕೊಂಡದ್ದಂತೆ.

ಆ ವಾರದ ಸಂಜೆಗಳಲ್ಲಿ ಪಾದ್ರಿ ಹೇಳಿದ ಒಂದು ಸಂಗತಿ ನನ್ನನ್ನು ನೇರವಾಗಿ ಬಳ್ಳಾರಿಗೆ ತಂದಿತು. 1781ರಲ್ಲಿ ಅನುಮತಿಯೇನೋ ಸಿಕ್ಕಿತು, ಆದರೆ ಸಭೆ ನಡೆಸಲು ಪಾದ್ರಿಗಳು ಬೇಕಲ್ಲ? ನೂರೈವತ್ತು ವರ್ಷ ಗುಟ್ಟಾಗಿ ಬದುಕಿದವರಲ್ಲಿ ಪಾದ್ರಿಗಳು ಎಲ್ಲಿಂದ ಬರಬೇಕು? ಕ್ಯಾಲ್ವಿನನ ಮತದ ಸಭೆಗಳಿಗೆ ಹಂಗೇರಿಯಿಂದ ಯುವಕರು ಬಂದರು. ಹಂಗೇರಿಯನ್ ಭಾಷೆಗೂ ಜೆಕ್ ಭಾಷೆಗೂ ನಂಟೇ ಇಲ್ಲ. ಬಂದ ಪಾದ್ರಿ ರೈತರಿಂದ ಜೆಕ್ ಕಲಿತ. ರೈತರು ಅವನಿಂದ ಆರಾಧನೆಯ ಕ್ರಮ ಕಲಿತರು. ಪ್ರಾಗ್ ಹತ್ತಿರದ ಲಿಬಿಶ್ ಎಂಬ ಹಳ್ಳಿಗೆ ಬಂದ ಯಾನ್ ವೇಗ್ ಅಂಥವರಲ್ಲೊಬ್ಬರು. ಹೊಸಬನೂ ಊರವರೂ ಇಬ್ಬರೂ ವಿದ್ಯಾರ್ಥಿಗಳಾಗಿದ್ದರಿಂದ ಆ ಸಭೆಗಳು ಬೇರೂರಿದವು.

ನಮ್ಮ ಬಳ್ಳಾರಿಯಲ್ಲೂ ನಡೆದದ್ದು ಇದೇ ಅಲ್ಲವೇ? ನಿಜಾಮನಿಂದ ಕಂಪನಿ ಸರ್ಕಾರಕ್ಕೆ 1800ರಲ್ಲಿ ಬಿಟ್ಟುಕೊಟ್ಟ ಸೀಮೆ ಇದು. ಕೋಟೆ, ದಂಡು, ಬಿಸಿಲು. ಇಲ್ಲಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಗೊತ್ತಿಲ್ಲ. ಮುನ್ಶಿಗಳನ್ನು ಇಟ್ಟುಕೊಂಡು ಕಲಿತರು, ಶಾಲೆ ತೆರೆದರು, ಬೈಬಲನ್ನು ಕನ್ನಡಕ್ಕೆ ತರಲು ಕೂತರು. ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿ ಮುಗಿಯುವ ಹೊತ್ತಿಗೆ 1831ರ ಸುಮಾರಾಯಿತು. ಇಪ್ಪತ್ತು ವರ್ಷದ ದುಡಿಮೆ. ಅವರ ಜೊತೆ ಇದೇ ಊರಿನಲ್ಲಿ ಕೆಲಸ ಮಾಡಿದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲೂ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲೂ ತಂದರು. ಕಿಟೆಲ್‌ರ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೆ ಅರವತ್ತು ವರ್ಷ ಮೊದಲಿನ ಕೆಲಸ ಇದು. ಊರಿನಲ್ಲಿ ಮಿಷನ್ನಿನ ಅಚ್ಚುಕೂಟವೂ ಇತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮರುವರ್ಷ 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಅಚ್ಚಿಗೆ ಬಂದದ್ದು ನಮ್ಮ ಬಳ್ಳಾರಿಗೆ. ಇದು ನಮ್ಮ ಊರಿನ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಹ್ಯಾಂಡ್ಸ್ ಬಂದ ಉದ್ದೇಶ ಮತಪ್ರಚಾರ, ಅದರಲ್ಲಿ ಮುಚ್ಚುಮರೆಯಿಲ್ಲ. ಹಿಂದೆ ಕಂಪನಿ ಸರ್ಕಾರದ ನೆರಳೂ ಇತ್ತು. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಕನ್ನಡ ಕಲಿಸಿದ ಮುನ್ಶಿ, ಪಂಡಿತರು ನಮ್ಮವರು. ಅವರ ಹೆಸರು ಆ ನಿಘಂಟುಗಳ ಮುಖಪುಟದಲ್ಲಿಲ್ಲ. ಹೊಸಬರ ಕೈಗೆ ಭಾಷೆಯನ್ನು ಕೊಟ್ಟವರು ಅವರೇ ಎಂಬುದನ್ನು ಮಾತ್ರ ಮರೆಯಬಾರದು. ಗುರುವಾರ ಆ ಜೆಕ್ ಹಳ್ಳಿಯಲ್ಲಿ ಕೀರ್ತನೆ ಓದಲು ನಾನು ತೆರೆದದ್ದು ಆಮೇಲೆ ಹಲವು ಸಲ ತಿದ್ದುಪಡಿಯಾದ ಕನ್ನಡ ಸತ್ಯವೇದ. ಆದರೂ ಬೈಬಲನ್ನು ಕನ್ನಡಕ್ಕೆ ತರಲು ಹ್ಯಾಂಡ್ಸ್ ಕೂತದ್ದು ನಮ್ಮ ಊರಿನಲ್ಲಿ ಎಂದು ಅವರಿಗೆ ಹೇಳಿದಾಗ, ಕ್ರಾಲಿತ್ಸೆಯ ಅಚ್ಚುಕೂಟದ ಕಥೆ ಕೇಳಿ ಬೆಳೆದ ಆ ಜನಕ್ಕೆ ಬಳ್ಳಾರಿ ಥಟ್ಟನೆ ಅರ್ಥವಾಯಿತು.

ಅವರ ಸಭೆಗಳ ಸ್ಥಿತಿ ಈಗ ಸುಲಭದ್ದಲ್ಲ. 1918ರ ಡಿಸೆಂಬರಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಒಂದಾಗಿ 'ಜೆಕ್ ಸಹೋದರರ ಇವ್ಯಾಂಜೆಲಿಕಲ್ ಸಭೆ' ಆಯಿತು. ನಮ್ಮಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯಾದ ಹಾಗೆ. ಆದರೆ 1948ರಿಂದ 1989ರವರೆಗೆ ಅಲ್ಲಿ ಕಮ್ಯುನಿಸ್ಟ್ ಆಡಳಿತ. ಪಾದ್ರಿಯ ಸಂಬಳ ಸರ್ಕಾರದ್ದು, ಪಾದ್ರಿ ಕೆಲಸಕ್ಕೆ ಪರವಾನಗಿಯೂ ಸರ್ಕಾರದ್ದು. ಮಾತು ಮೀರಿದರೆ ಪರವಾನಗಿ ರದ್ದು. ಚರ್ಚಿಗೆ ಹೋಗುವವರ ಮಕ್ಕಳಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಕಷ್ಟ. ಆ ಕಾಲ ಮುಗಿದ ಮೇಲೂ ಜನ ತಿರುಗಿ ಬರಲಿಲ್ಲ. 1991ರ ಜನಗಣತಿಯಲ್ಲಿ ಈ ಸಭೆಯವರೆಂದು ಹೇಳಿಕೊಂಡವರು ಸುಮಾರು ಎರಡು ಲಕ್ಷ. 2021ರಲ್ಲಿ ಸುಮಾರು 32 ಸಾವಿರ. ದೇಶದ ಜನಸಂಖ್ಯೆ ಒಂದು ಕೋಟಿಗೂ ಮೇಲೆ. ಯುರೋಪಿನಲ್ಲೇ ಧರ್ಮದ ಗೊಡವೆ ತೀರ ಕಡಿಮೆ ಇರುವ ದೇಶಗಳಲ್ಲಿ ಅದೂ ಒಂದು. ಈಗ ಸರ್ಕಾರದ ಹಣವೂ 2016ರಿಂದ ವರ್ಷವರ್ಷವೂ ಇಳಿಯುತ್ತ ಬಂದಿದೆ. ಪಾದ್ರಿಯ ಸಂಬಳಕ್ಕೆ ಸಭೆಯವರೇ ಕೈಯಿಂದ ಹಾಕಬೇಕು.

ಇಷ್ಟು ಸಣ್ಣದಾದ ಸಭೆ ಹೇಗೆ ಬದುಕಿದೆ ಎಂದರೆ ನನಗೆ ಕಂಡ ಉತ್ತರ ಆ ಬಾಗಿಲ ಹಿಂದಿನ ಪಟ್ಟಿ. ಮೂವತ್ತು ಜನರಲ್ಲಿ ಕೆಲಸವಿಲ್ಲದವರು ಒಬ್ಬರೂ ಇಲ್ಲ. ನಿನ್ನೆ ಬಂದವರಿಗೂ ಕೆಲಸ ಉಂಟು. ಅಳಿಯ ಸಪ್ಪೆ ಎಂದದ್ದು ಅವರ ಮರ್ಯಾದೆಯ ರೀತಿ. ಸತ್ಕಾರ ಮಾಡಿ ದೂರ ಕೂಡಿಸುವುದಕ್ಕಿಂತ, ಕೈಗೆ ಕೆಲಸ ಕೊಟ್ಟು ಹತ್ತಿರ ಎಳೆದುಕೊಳ್ಳುವುದು ಅವರ ಪದ್ಧತಿ. ನನಗೆ ಅದೇ ಸರಿ ಎನಿಸುತ್ತದೆ.

ಯಾಕೆ ಈ ಮಾತನ್ನು ಬಳ್ಳಾರಿಯ ಕೇಳುಗರಿಗೆ ಹೇಳುತ್ತಿದ್ದೇನೆಂದರೆ, ನಮ್ಮದು ಹೊಸಬರ ಜಿಲ್ಲೆ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಸಿರುಗುಪ್ಪ ತಾಲ್ಲೂಕಿನಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡರು. ಆ ಕ್ಯಾಂಪಿನ ಮಕ್ಕಳು ಮನೆಯಲ್ಲಿ ತೆಲುಗು, ನನ್ನ ತರಗತಿಯಲ್ಲಿ ಕನ್ನಡ. ಬುದ್ಧಿವಂತ ಮಕ್ಕಳು, ಆದರೆ ಮೊದಲ ತಿಂಗಳು ಬಾಯಿ ಬಿಡುತ್ತಿರಲಿಲ್ಲ. ಅಂಥ ಮಕ್ಕಳಿಗೆ ಹಾಜರಿ ಪುಸ್ತಕ ಹೆಡ್‌ಮಾಸ್ಟರ ಕೋಣೆಯಿಂದ ತರುವ ಕೆಲಸ ಕೊಟ್ಟರೆ ವಾರದೊಳಗೆ ಮಾತು ಶುರುವಾಗುತ್ತಿತ್ತು. 1953ರ ಅಕ್ಟೋಬರ್ 1ರಂದು ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ನಮ್ಮ ಜಿಲ್ಲೆಯ ಊರುಗಳಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಇವತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಒಡಿಶಾ, ಬಿಹಾರ, ಜಾರ್ಖಂಡಿನಿಂದ ಜನ ಬಂದಿದ್ದಾರೆ. ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ, ಉಳಿದ ಕಾಲೇಜುಗಳಿಗೆ ಬೇರೆ ರಾಜ್ಯದ ಹುಡುಗ ಹುಡುಗಿಯರು ಬರುತ್ತಾರೆ. ಅವರಲ್ಲಿ ಕೆಲವರು ನಮ್ಮ ಸಭೆಗೂ ಬಂದು ಹಿಂದಿನ ಸಾಲಿನಲ್ಲಿ ಕೂತು, ಪ್ರಾರ್ಥನೆ ಮುಗಿದ ಕೂಡಲೇ ಸದ್ದಿಲ್ಲದೆ ಎದ್ದು ಹೋಗುತ್ತಾರೆ. ನಾವು ನಗುತ್ತೇವೆ, ಕೈಮುಗಿಯುತ್ತೇವೆ. ಅಷ್ಟಕ್ಕೇ ಮುಗಿಯುತ್ತದೆ.

ಹಾಗೆ ಆಗಬಾರದು. ಪಾರ್ವತಿನಗರದವರಿಗೂ, ಸಿರುಗುಪ್ಪ, ಕುರುಗೋಡಿನವರಿಗೂ, ಈ ಮಾತು ಕೇಳುತ್ತಿರುವ ಎಲ್ಲರಿಗೂ ನನ್ನದೊಂದು ಕೋರಿಕೆ. ನಿಮ್ಮ ಓಣಿಯ ಗಣಪತಿ ಸಮಿತಿಗಾಗಲಿ, ಉರುಸಿಗಾಗಲಿ, ಭಜನೆಗಾಗಲಿ, ಚರ್ಚಿಗಾಗಲಿ ಹೊಸದಾಗಿ ಒಂದು ಕುಟುಂಬ ಬಂದರೆ, ಮೊದಲ ದಿನವೇ ಅವರ ಹೆಸರು ಕೇಳಿ. ಊಟಕ್ಕೆ ಕರೆಯುವುದು ಇದ್ದೇ ಇದೆ, ಜೊತೆಗೆ ಬಡಿಸುವ ಸೌಟನ್ನೂ ಅವರ ಕೈಗೆ ಕೊಡಿ. ಚಂದಾ ಪುಸ್ತಕ ಕೊಡಿ, ಮೈಕು ಕಟ್ಟಲು ಕರೆಯಿರಿ, ಮಕ್ಕಳಿಗೆ ನಾಟಕದಲ್ಲಿ ಪಾತ್ರ ಕೊಡಿ. ಕನ್ನಡ ಬಾರದವರಿಗೆ ಕನ್ನಡ ಬರುವುದು ಕೆಲಸದ ನಡುವೆ. ಎದುರು ಕೂಡಿಸಿ ಹೊಗಳುವುದರಿಂದ ಬರುವುದಿಲ್ಲ. ನಮ್ಮ ಸಭೆಯಲ್ಲಿ ನಾವು ಈಗ ಅಡುಗೆಕೋಣೆಯ ಗೋಡೆಗೆ ಒಂದು ಸರದಿ ಪಟ್ಟಿ ಅಂಟಿಸಿದ್ದೇವೆ. ಅದರಲ್ಲಿ ರಾಂಚಿಯಿಂದ ಬಂದ ಒಂದು ಮನೆಯ ಹೆಸರೂ ಇದೆ, ಮುಂದಿನ ಭಾನುವಾರದ ಚಹಾ ಅವರದೇ.